ಕ್ರೋಶಾ ಡ್ರ್ಯಾಗನ್ ರೆಕ್ಕೆ ಜೋತು ಬೀಳ್ತಿದೆ, ಏನ್ ಮಾಡ್ಲಿ?

ಮಗಳಿಗೆ ಅಂತ ಕ್ರೋಶಾದಲ್ಲಿ (ಕೊಕ್ಕೆ ಕಡ್ಡಿ ಹೆಣಿಗೆ) ಡ್ರ್ಯಾಗನ್ ಗೊಂಬೆ ಹಾಕ್ತಿದೀನಿ, 4 ಪ್ಲೈ (4 ಎಳೆ) ಉಲ್ಲನ್, 3.5 ಎಂಎಂ ಕಡ್ಡಿ. ಬಾಲ, ಬೆನ್ನಿನ ಮುಳ್ಳು ಎಲ್ಲಾ ಚೆನ್ನಾಗ್ ಬಂತು ಆದ್ರೆ ರೆಕ್ಕೆ ಒದ್ದೆ ಬಟ್ಟೆ ಥರ ಜೋತು ಬೀಳುತ್ತೆ, ಹೊಟ್ಟೆ ಹತ್ರ ಒಳಗಿನ ಹತ್ತಿನೂ ಕಾಣ್ತಿದೆ. ತಂತಿ ಹಾಕ್ಲಾ?

ಉತ್ತರ 1: ಪುಟ್ಟ ಮಗುಗಾದ್ರೆ ತಂತಿ ಬೇಡವೇ ಬೇಡ ಅಕ್ಕಾ, ಎಳೆದಾಡಿದ್ರೆ ಹೊರಗ್ ಬಂದು ಚುಚ್ಚುತ್ತೆ. ಒಂದೊಂದ್ ರೆಕ್ಕೆಗೂ ಎರಡೆರಡು ಪೀಸ್ ಮಾಡಿ, ಮಧ್ಯ ಫೆಲ್ಟ್ (ದಪ್ಪನೆ ಒತ್ತಿದ ಬಟ್ಟೆ) ಇಟ್ಟು, ಅಂಚಿಗೆ ಸಿಂಗಲ್ ಕ್ರೋಶಾ (ಕ್ರೋಶಾದ ಗಿಡ್ಡ ಹೊಲಿಗೆ) ಹಾಕಿ ಸೇರ್ಸಿ.

ಉತ್ತರ 2: ಹತ್ತಿ ಕಾಣ್ತಿದೆ ಅಂದ್ರೆ ಕಡ್ಡಿ ದಪ್ಪ ಆಯ್ತು, 2.5 ತಗೊಳ್ಳಿ. ದಾರನ ಕಡ್ಡಿ ಮೇಲೆ ಸುತ್ತದೆ ಕೆಳಗಿಂದ ಎಳ್ಕೊಂಡ್ರೆ ಇನ್ನೂ ಬಿಗಿ ಬರುತ್ತೆ. ಕಣ್ಣಿಗೂ ಪ್ಲಾಸ್ಟಿಕ್ ಬೇಡ, ಕಪ್ಪು ದಾರದಲ್ಲೇ ಹೊಲೀರಿ.

ಪ್ರಶ್ನೆ ಕೇಳಿದವರು: ಮಗಳಿಗಿನ್ನೂ 2 ವರ್ಷ, ತಂತಿ ಬಿಟ್ಟೆ. ಇವತ್ತೇ ಹೊಟ್ಟೆ ಬಿಚ್ಚಿ 2.5 ಕಡ್ಡೀಲಿ ಮತ್ತೆ ಹಾಕ್ತೀನಿ.