ಶಾಲೆ ಕೋಣೆಗೆ ಮಂಡಳಿ ಅನುದಾನ ಕೇಳೋದು ಹೇಗೆ?

ನಮ್ಮದು ಯಾದಗಿರಿ ಕಡೆ ಹಳ್ಳಿ, ನಾನು ಶಾಲೆ ಅಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸದಸ್ಯ. ಐದು ತರಗತಿಗೆ ಎರಡೇ ಕೋಣೆ. ಮಳೆ ಬಂದರೆ ಒಂದರಲ್ಲಿ ಕರಿಹಲಗೆ ಕೆಳಗೇ ಬಕೆಟ್ ಇಡ್ತೇವೆ, ಮಕ್ಕಳೆಲ್ಲ ಇನ್ನೊಂದಕ್ಕೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟ್‌ನಲ್ಲಿ 5000 ಕೋಟಿ ಅಂದರಲ್ವಾ? ಅದರಲ್ಲಿ ನಮಗೊಂದು ಕೋಣೆ ಸಿಗಲ್ವಾ? ಅರ್ಜಿ ಯಾರಿಗೆ ಕೊಡಬೇಕು?

ಉತ್ತರ 1: ಸುಮ್ನೆ ಕಲಬುರಗಿಯ ಮಂಡಳಿ ಕಚೇರಿಗೆ ಓಡಬೇಡಿ. ಮೊದಲು ಶಾಸಕರ ಹತ್ತಿರ ಹೋಗಿ. ಕ್ಷೇತ್ರದ ಕ್ರಿಯಾಯೋಜನೆಯಲ್ಲಿ ಕೆಲಸದ ಹೆಸರು ಸೇರಬೇಕು, ಆಮೇಲೆ ಮಂಡಳಿ ಮಂಜೂರಾತಿ. ಎಸ್‌ಡಿಎಂಸಿ ಠರಾವು, ಸೋರುವ ಚಾವಣಿಯ ಫೋಟೊ, ಎಂಜಿನಿಯರ್ ಅಂದಾಜುಪಟ್ಟಿ ಮೂರೂ ಇರಲಿ. ನಾವು ಫೋಟೊ ಇಲ್ಲದೆ ಹೋಗಿ ಒಂದು ವರ್ಷ ಕಳೆದುಕೊಂಡೆವು.

ಉತ್ತರ 2: ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸೌಲಭ್ಯ ಕೊಡೋ ಸಂವಿಧಾನದ 371(ಜೆ) ವಿಧಿ ಅಂದರೆ ಬರೀ ನೌಕರಿ, ಸೀಟು ಮೀಸಲಾತಿ ಅಂದ್ಕೊಂಡಿದ್ದೆ. ಈ ಮಂಡಳಿಯೂ ಅದರಿಂದಲೇ ಬಂದದ್ದಾ?

ಉತ್ತರ 1: ಹೌದು. ಈಗ ಏಳು ಜಿಲ್ಲೆಗೆ. ತಾಲೂಕು ಎಷ್ಟು ಹಿಂದುಳಿದಿದೆ ಅಂತ ನೋಡಿ ದುಡ್ಡು ಹಂಚಬೇಕು, ಪ್ರಾದೇಶಿಕ ಅಸಮತೋಲನ ನೋಡಲು ನೇಮಿಸಿದ್ದ ನಂಜುಂಡಪ್ಪ ಸಮಿತಿ 2002ರಲ್ಲೇ ತಾಲೂಕುವಾರು ಲೆಕ್ಕ ಕೊಟ್ಟಿತ್ತು.

ಪ್ರಶ್ನೆ ಕೇಳಿದವರು: ನಾಳೆನೇ ಫೋಟೊ ತೆಗೀತೀನಿ. ಮೋಡ ಆಗಿದೆ, ಬಕೆಟ್ಟೂ ಬರುತ್ತೆ.