ಪೆರೊವ್‌ಸ್ಕೈಟ್ ಫಿಲ್ಮ್: ಪೊರೆಯೋ, ಪದರವೋ, ಹಾಸೋ?

ಪೆರೊವ್‌ಸ್ಕೈಟ್ ಸೋಲಾರ್ ಸೆಲ್ಲನ್ನು ಇಂಕ್‌ಜೆಟ್ ಪ್ರಿಂಟರಿನಲ್ಲಿ ಅಚ್ಚು ಹಾಕುವ ಬಗ್ಗೆ ಬೆಳಗಾವಿಯ ಡಿಗ್ರಿ ಹುಡುಗರಿಗಾಗಿ ಒಂದು ಕನ್ನಡ ಬರಹ ಮಾಡುತ್ತಿದ್ದೇನೆ. ಹನಿ, ಇಂಕು, ನಾಜಲ್ ಇವಕ್ಕೆ ತಕರಾರಿಲ್ಲ. ಖಡೇಬಜಾರದ ಫ್ಲೆಕ್ಸ್ ಅಂಗಡಿಯಲ್ಲಿ ಯಾರನ್ನು ಕೇಳಿದರೂ ಇವೇ ಪದ ಹೇಳುತ್ತಾರೆ. ಪೇಚಿಗೆ ಸಿಕ್ಕಿಸಿದ್ದು ‘ಫಿಲ್ಮ್’, ಅಂದರೆ ಗಾಜಿನ ಮೇಲೆ ಕೂರುವ ಪೆರೊವ್‌ಸ್ಕೈಟಿನ ತೆಳು ಪದರ. ಅದಕ್ಕೆ ಕನ್ನಡದಲ್ಲಿ ಏನನ್ನುವುದು?

ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಪೆರೊವ್‌ಸ್ಕೈಟ್ ಎಂಬುದು 1839ರಲ್ಲಿ ಉರಲ್ ಬೆಟ್ಟಗಳಲ್ಲಿ ಸಿಕ್ಕ ಒಂದು ಖನಿಜ, ಲೆವ್ ಪೆರೊವ್‌ಸ್ಕಿ ಎಂಬ ರಷ್ಯನ್ನರ ಹೆಸರು ಅದಕ್ಕೆ. ಈಗ ಒಳಗಿನ ಜೋಡಣೆ ಅದೇ ಥರ ಇರುವ ಎಲ್ಲ ವಸ್ತುಗಳಿಗೂ ಆ ಹೆಸರು ನಡೆಯುತ್ತದೆ. ಸೋಲಾರ್ ಸೆಲ್ಲಿಗೆ ಬಳಸುವುದರಲ್ಲಿ ಹೆಚ್ಚಾಗಿ ಸೀಸ, ಅಯೋಡಿನ್ ಇರುತ್ತವೆ. 2009ರಲ್ಲಿ ಜಪಾನಿನ ಮಿಯಾಸಾಕಾ ಅವರ ತಂಡ ಮೊದಲು ಮಾಡಿದಾಗ ಬಿದ್ದ ಬೆಳಕಿನಲ್ಲಿ ಶೇ. 3.8ರಷ್ಟು ಮಾತ್ರ ಕರೆಂಟಾಗುತ್ತಿತ್ತು, ಈಗ ಲ್ಯಾಬಿನ ಸಣ್ಣ ಸೆಲ್ಲುಗಳಲ್ಲಿ ಶೇ. 25 ದಾಟಿದೆ.

ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಗಾಜಿನ ಮೇಲೆ ದ್ರಾವಣ ಹಾಕಿ ಗಿರಗಿರ ತಿರುಗಿಸುತ್ತಾರೆ. ಬಹುಪಾಲು ಸಿಡಿದು ಹಾಳು, ಅದೂ ಸೀಸ ಇರುವ ದ್ರಾವಣ. ಇಂಕ್‌ಜೆಟ್ ಹಾಗಲ್ಲ, ಬೇಕಾದ ಕಡೆಗೆ ಬೇಕಾದಷ್ಟೇ ಹನಿ. ಒಂದು ಹನಿ ಅಂದರೆ ಕೆಲವು ಪಿಕೋಲೀಟರ್, ಲೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲು. ಆ ಹನಿಗಳು ಅಕ್ಕಪಕ್ಕ ಬಿದ್ದು, ಒಂದಕ್ಕೊಂದು ಕೂಡಿಕೊಂಡು, ಗಾಜಿನ ಮೇಲೆ ಹಳದಿ ಬಣ್ಣದ ಒದ್ದೆ ಪದರವಾಗಿ ನಿಲ್ಲುತ್ತವೆ. ಆಮೇಲೆ ಗಾಳಿ ಎಳೆದೋ ಕಾಯಿಸಿಯೋ ದ್ರಾವಕ ತೆಗೆಯುತ್ತಾರೆ. 100 ಡಿಗ್ರಿ ಆಸುಪಾಸಿನ ಬಿಸಿ ಹಂಚಿನ ಮೇಲೆ ಇಟ್ಟರೆ ಹಳದಿ ಹೋಗಿ ಕಡುಕಂದು ಬರುತ್ತದೆ. ಉಳಿಯುವುದು ಸುಮಾರು ಅರ್ಧ ಮೈಕ್ರಾನ್ ದಪ್ಪದ, ಹರಳುಗಳೇ ಒತ್ತಾಗಿ ಕೂತ ಒಂದು ತೆಳು ವಸ್ತು.

ಇಂಗ್ಲಿಷಿನಲ್ಲಿ ಹಸಿ ಇದ್ದಾಗಲೂ ಫಿಲ್ಮ್, ಒಣಗಿ ಹರಳಾದ ಮೇಲೂ ಫಿಲ್ಮ್. ನನಗೆ ಎರಡಕ್ಕೂ ಬೇರೆ ಬೇರೆ ಪದ ಬೇಕು, ಯಾಕೆಂದರೆ ಸೆಲ್ ಚೆನ್ನಾಗಿ ಬರುತ್ತದೋ ಕೆಡುತ್ತದೋ ಅನ್ನುವುದು ಬಹುಪಾಲು ಆ ಎರಡರ ನಡುವಿನ ಹೊತ್ತಿನಲ್ಲೇ ತೀರ್ಮಾನವಾಗುತ್ತದೆ.

‘ಪೊರೆ’ ಚಿಕ್ಕ ಪದ, ಹಳೆಯ ಪದ, ನನಗಂತೂ ಇಷ್ಟ. ಆದರೆ ಪೊರೆ ಅಂದ ಕೂಡಲೇ ಹಾವು ನೆನಪಾಗುತ್ತದೆ, ಇಲ್ಲವೇ ಕಣ್ಣು. ಬೆಳಕು ಹಿಡಿಯಬೇಕಾದ ಸಾಮಾನಿಗೆ ಪೊರೆ ಬಂದಿದೆ ಅಂತ ಬರೆದರೆ ಓದುವವರು ಆಪರೇಷನ್‌ಗೆ ಎಷ್ಟಾಗುತ್ತದೆ ಅಂತ ಕೇಳಿಯಾರು! ‘ಲೇಪ’ ಹಸಿ ಸ್ಥಿತಿಗೆ ಹೊಂದುತ್ತದೆ, ಆದರೆ ಲೇಪ ಅಂದರೆ ಸವರಿದ್ದು, ಇಲ್ಲಿ ಯಾರೂ ಸವರುವುದಿಲ್ಲ. ‘ತೆಳುಪದರ’ ಪಠ್ಯಪುಸ್ತಕದವರ ಆಯ್ಕೆ. ಅದರ ತೊಂದರೆ ಬೇರೆ. ಸೆಲ್ಲಿನಲ್ಲಿ ಇದರ ಮೇಲೆ ಕೆಳಗೆ ಇನ್ನೂ ಹಲವು ಲೇಯರುಗಳಿವೆ, ಅವಕ್ಕೂ ಪದರ ಅನ್ನಲೇಬೇಕು. (ಮರಾಠಿಯಲ್ಲಿ ಪದರ ಅಂದರೆ ಸೀರೆಯ ಸೆರಗು. ಬೆಳಗಾವಿಯ ತರಗತಿಯಲ್ಲಿ ಯಾರಾದರೂ ಒಬ್ಬರು ನಕ್ಕೇ ನಗುತ್ತಾರೆ.)

ಸದ್ಯಕ್ಕೆ ಹಸಿ ಇದ್ದಾಗ ‘ಹಸಿಪದರ’, ಆದ ಮೇಲೆ ‘ಹರಳುಹಾಸು’ ಅಂತ ಬರೆದಿದ್ದೇನೆ. ನಮ್ಮ ಕಡೆ ನೆಲಕ್ಕೆ ಫರಸಿ ಹಾಸುತ್ತಾರಲ್ಲ, ಕಲ್ಲಿಗೆ ಕಲ್ಲು ಕೂಡಿಸಿ, ಮೈಕ್ರೋಸ್ಕೋಪಿನಲ್ಲಿ ಇದೂ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ. ಹರಳು ಹರಳಿನ ನಡುವಿನ ಗೆರೆಗೆ ವಿಜಯಪುರದ ಗೆಳೆಯರೊಬ್ಬರು ‘ಬದು’ ಎನ್ನಿ ಅಂದರು. ಕೇಳಲು ಸೊಗಸಾಗಿದೆ, ಆದರೆ ಒಪ್ಪಲು ಮನಸ್ಸಾಗಲಿಲ್ಲ. ಬದು ಹಾಕುವುದು ನೀರು ತಡೆಯಲಿಕ್ಕೆ. ಈ ಗೆರೆಗಳಿಂದಲೇ ತೇವ ಒಳಗೆ ಇಳಿದು ಪೆರೊವ್‌ಸ್ಕೈಟ್ ಕೆಡುವುದು. ಅದಕ್ಕೆ ‘ಸಂದು’ ಅಂತಲೇ ಇಟ್ಟಿದ್ದೇನೆ.

ಇನ್ನೊಂದು, ‘ಕಾಫಿ ರಿಂಗ್’, ಚೆಲ್ಲಿದ ಕಾಫಿ ಆರಿದಾಗ ಉಳಿಯುವ ಉಂಗುರದ ಥರದ ಕಲೆ. ಹನಿಯ ಅಂಚು ಬೇಗ ಆರುತ್ತದೆ, ಒಳಗಿನ ದ್ರವ ಆ ಕಡೆ ಹರಿಯುತ್ತದೆ, ಬರುವಾಗ ತನ್ನಲ್ಲಿರುವುದನ್ನೆಲ್ಲ ತಂದು ಅಂಚಿಗೆ ಹಾಕುತ್ತದೆ. ನಡುವೆ ತೆಳು, ಸುತ್ತ ದಪ್ಪ. ಚಹಾ ಕುಡಿಯುವ ಊರಿನಲ್ಲಿ ಕೂತು ಕಾಫಿ ಉಂಗುರ ಅಂತ ಬರೆಯಲು ಒಂಥರಾ ಆಗುತ್ತದೆ, ಅಲ್ವಾ? ‘ಅಂಚುಗಟ್ಟು’ ಎಂಬ ಕ್ರಿಯಾಪದ ನಡೆದೀತೇ? ‘ಹನಿ ಅಂಚುಗಟ್ಟಿತು’, ‘ಅಂಚುಗಟ್ಟದ ಹಾಗೆ ದ್ರಾವಕ ಬದಲಿಸಿದರು’, ಹೀಗೆ ಎರಡು ಕಡೆ ಬಳಸಿ ನೋಡಿದ್ದೇನೆ.

ಕೇಳಬೇಕಾದದ್ದು ಇಷ್ಟು. ಹರಳುಹಾಸು ಎಂಬ ಪದಕ್ಕೆ ನಿಮ್ಮ ಕಡೆ ಈಗಾಗಲೇ ಬೇರೆ ಅರ್ಥ ಇದೆಯೇ? ಇಳಕಲ್, ರಬಕವಿ ಕಡೆ ಬಣ್ಣದ ಕೆಲಸ ಬಲ್ಲವರು ಇಲ್ಲಿದ್ದರೆ, ಬಟ್ಟೆಯ ಮೇಲೆ ಬಣ್ಣ ನಡುವೆ ತೆಳುವಾಗಿ ಅಂಚಿನಲ್ಲಿ ಮಾತ್ರ ಗಾಢವಾಗಿ ನಿಂತರೆ ಅದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ? ಅಲ್ಲಿ ಪದ ಇದ್ದರೆ ನನ್ನದನ್ನು ಬಿಟ್ಟು ಅದನ್ನೇ ಹಾಕುತ್ತೇನೆ.