ದಿನದ ಸಂಪಾದನೆಗೆ ತಿಂಗಳ ಕಂತು: ನಮ್ಮಂಥವರಿಗೆ ಮನೆ ಸಾಲ ಏಕೆ ದುಬಾರಿ?

ಪ್ರಶ್ನೆ – ಸಂತೆಕಟ್ಟೆ, ಉಡುಪಿ

ನಮಗೆ ಕುಟುಂಬದಿಂದ ಬಂದ ಐದು ಸೆಂಟ್ಸ್ ಜಾಗವೂ ಅದರಲ್ಲಿ ಒಂದು ಹಳೆಯ ಹಂಚಿನ ಮನೆಯೂ ಇದೆ. ಮಾಡಿನ ಮರದ ಪಕ್ಕಾಸುಗಳಿಗೆ ಗೆದ್ದಲು ಹಿಡಿದಿರುವುದರಿಂದ ಕಳೆದ ಆಟಿ ತಿಂಗಳ ಮಳೆಯಲ್ಲಿ ಅಡುಗೆಕೋಣೆಯ ಮೇಲಿನ ಮಾಡು ಒಂದು ಬದಿಗೆ ಕುಸಿಯಿತು. ತಾಯಿ ಮೂವತ್ತು ವರ್ಷಗಳಿಂದ ಬೀಡಿ ಕಟ್ಟುತ್ತಿದ್ದಾರೆ, ತಮ್ಮ ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಾನೆ, ನಾನು ಒಂದು ಮುದ್ರಣಾಲಯದಲ್ಲಿ ದುಡಿಯುತ್ತೇನೆ. ಮೂವರ ಸಂಪಾದನೆ ಸೇರಿದರೆ ತಿಂಗಳಿಗೆ ಹತ್ತು ಸಾವಿರ ರೂಪಾಯಿ ಕಟ್ಟುವುದು ಕಷ್ಟವಲ್ಲ. ಆದರೆ ತಮ್ಮನ ಆದಾಯಕ್ಕೆ ದಾಖಲೆ ಇಲ್ಲವೆಂದೂ ಜಾಗದ ಕಾಗದಪತ್ರ ಸ್ಪಷ್ಟವಿಲ್ಲವೆಂದೂ ಬ್ಯಾಂಕಿನವರು ಅರ್ಜಿಯನ್ನು ಹಿಂದಿರುಗಿಸಿದರು. ಒಂದು ಗೃಹಸಾಲ ಕಂಪೆನಿಯವರು ಮಾತ್ರ ಶೇಕಡಾ 14ರ ಬಡ್ಡಿಗೆ ಕೊಡಲು ಒಪ್ಪಿದ್ದಾರೆ.

ಲೆಕ್ಕ ಹಾಕಿ ನೋಡಿದೆ. 10 ಲಕ್ಷ ರೂಪಾಯಿಯನ್ನು 20 ವರ್ಷಕ್ಕೆ ಪಡೆದರೆ ಶೇಕಡಾ 9ರಲ್ಲಿ ಕಂತು 8,997 ರೂಪಾಯಿ, ಶೇಕಡಾ 14ರಲ್ಲಿ 12,435 ರೂಪಾಯಿ. ಕೊನೆಯವರೆಗೆ ಕಟ್ಟಿದರೆ ವ್ಯತ್ಯಾಸವೇ 8 ಲಕ್ಷ ದಾಟುತ್ತದೆ. ಕಡಿಮೆ ಇದ್ದವನು ಹೆಚ್ಚು ಕಟ್ಟಬೇಕೆಂಬ ಈ ಲೆಕ್ಕ ಎಲ್ಲಿಂದ ಬಂತು? ನಮ್ಮಂಥ ಇತರ ದೇಶಗಳಲ್ಲಿ ಇದಕ್ಕೆ ಏನು ದಾರಿ ಕಂಡುಕೊಂಡಿದ್ದಾರೆ? ಸರಕಾರ ಬಡ್ಡಿಯನ್ನು ಇಳಿಸಿಬಿಟ್ಟರೆ ಸಾಕಾಗುವುದೇ?

ಉತ್ತರ 1 – ನಿವೃತ್ತ ಬ್ಯಾಂಕ್ ಅಧಿಕಾರಿ, ಮಂಗಳೂರು

ಸಾಲಕೊಡುವ ಮೇಜಿನ ಆಚೆಗೆ ಬಹುಕಾಲ ಕುಳಿತವನಾದ್ದರಿಂದ ಮೊದಲು ಆ ಕಡೆಯ ಲೆಕ್ಕವನ್ನು ಹೇಳುತ್ತೇನೆ. 3 ಲಕ್ಷದ ಸಾಲಕ್ಕೂ 30 ಲಕ್ಷದ ಸಾಲಕ್ಕೂ ವಕೀಲರ ಅಭಿಪ್ರಾಯ, ಋಣಭಾರ ಪತ್ರ, ಜಾಗದ ಮೌಲ್ಯಮಾಪನ, ಸ್ಥಳ ಪರಿಶೀಲನೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಖರ್ಚು. ಸಣ್ಣ ಸಾಲದ ಮೇಲೆ ಆ ಭಾರ ಹತ್ತು ಪಟ್ಟಾಗಿ ಬೀಳುತ್ತದೆ. ಬ್ಯಾಂಕಿಗೆ ಜನರ ಉಳಿತಾಯ ಖಾತೆಯ ಅಗ್ಗದ ಹಣವಿದೆ. ಗೃಹಸಾಲ ಕಂಪೆನಿಗಳು ಬಹುಮಟ್ಟಿಗೆ ಅದೇ ಬ್ಯಾಂಕುಗಳಿಂದ ಸಾಲ ತಂದು, ತಮ್ಮ ಖರ್ಚು ಸೇರಿಸಿ, ಮತ್ತೆ ಸಾಲ ಕೊಡುತ್ತವೆ. ಜೊತೆಗೆ, ಮೂರು ವರ್ಷಕ್ಕೆ ತಂದ ಹಣವನ್ನು ಇಪ್ಪತ್ತು ವರ್ಷಕ್ಕೆ ಕೊಟ್ಟರೆ ನಡುವೆ ಎಂದಾದರೂ ಹಣ ಸಿಗದೆ ಹೋಗುವ ಅಪಾಯವಿದೆ. ಅದಕ್ಕೆಂದೇ 1988ರಲ್ಲಿ ರಾಷ್ಟ್ರೀಯ ವಸತಿ ಬ್ಯಾಂಕನ್ನು ಸ್ಥಾಪಿಸಿ, ಇಂಥ ಸಂಸ್ಥೆಗಳಿಗೆ ಮರುಹಣಕಾಸು ಒದಗಿಸುವ ಕೆಲಸವನ್ನು ಅದಕ್ಕೆ ವಹಿಸಲಾಯಿತು.

ಆದರೆ ನಿಮ್ಮ ಪ್ರಕರಣದಲ್ಲಿ ನಿಜವಾದ ಗಂಟು ಬಡ್ಡಿಯದ್ದಲ್ಲ, ಜಾಗದ ಕಾಗದದ್ದು ಎಂದು ನನ್ನ ಅಂದಾಜು. ನಮ್ಮ ಜಿಲ್ಲೆಗಳ ಭೂಮಿಯ ಚರಿತ್ರೆಯೇ ಹಾಗೆ. ಕೆಲವರದ್ದು ಮೂಲಗೇಣಿಯ, ಅಂದರೆ ಕಾಯಂ ಗೇಣಿಯ ಜಾಗ. ಅಂಥ ಗೇಣಿದಾರರಿಗೆ ಮಾಲೀಕತ್ವ ಕೊಡುವ ಕಾಯಿದೆ ಬಂದದ್ದು 2011ರಲ್ಲಿ. ಇನ್ನು ಕೆಲವರು ಕುಮ್ಕಿಯಲ್ಲಿ, ಅಂದರೆ ತಮ್ಮ ಜಮೀನಿಗೆ ತಾಗಿದ ಸರಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ತಾಯಿಯ ಕಡೆಯಿಂದ ಆಸ್ತಿ ಬರುವ ಅಳಿಯಸಂತಾನದ ಕುಟುಂಬಗಳಲ್ಲಿ ಪಹಣಿಯಲ್ಲಿ ಇಂದಿಗೂ ಅಜ್ಜಿಯ ಹೆಸರಿದ್ದು, ಹಕ್ಕುದಾರರು ಉಡುಪಿಯಿಂದ ಮುಂಬಯಿವರೆಗೆ ಹರಡಿಕೊಂಡಿರುತ್ತಾರೆ. ಒಬ್ಬರ ಸಹಿ ಇಲ್ಲದಿದ್ದರೂ ಅಡಮಾನ ನಿಲ್ಲುವುದಿಲ್ಲ. ನಿಲ್ಲದ ಅಡಮಾನದ ಮೇಲೆ ಕೋರ್ಟಿಗೆ ಹೋಗದೆ ಅಡಮಾನದ ಆಸ್ತಿಯನ್ನು ವಶಪಡಿಸಿಕೊಳ್ಳಲು ಬಿಡುವ 2002ರ ಸರ್ಫೇಸಿ ಕಾಯಿದೆಯಿದ್ದರೂ ಬ್ಯಾಂಕಿಗೆ ಪ್ರಯೋಜನವಿಲ್ಲ.

ಬಡ್ಡಿ ಇಳಿಸಿದರೆ ಸಾಕೇ ಎಂದು ಕೇಳಿದ್ದೀರಿ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದ ಎರಡನೆಯ ಹಂತದಲ್ಲಿ, ವರ್ಷಕ್ಕೆ 9 ಲಕ್ಷದೊಳಗೆ ಆದಾಯವಿರುವ ಕುಟುಂಬಕ್ಕೆ ಸಾಲದ ಮೊದಲ 8 ಲಕ್ಷದ ಮೇಲೆ ಶೇಕಡಾ 4ರ ಬಡ್ಡಿ ಸಹಾಯಧನವಿದೆ; ಒಟ್ಟು 1.80 ಲಕ್ಷದವರೆಗೆ ಐದು ವಾರ್ಷಿಕ ಕಂತುಗಳಲ್ಲಿ ಸಾಲದ ಖಾತೆಗೆ ಬರುತ್ತದೆ. ಒಳ್ಳೆಯದೇ. ಆದರೆ ಅದು ಸಾಲ ಸಿಕ್ಕಿದವನಿಗೆ ಸಿಗುವ ಸಹಾಯ. ಅರ್ಜಿಯೇ ಹಿಂದಕ್ಕೆ ಬಂದವನಿಗೆ ಅದರಿಂದ ಒಂದು ಪೈಸೆಯೂ ಇಲ್ಲ.

ಉತ್ತರ 2 – ನಗರಯೋಜನೆ ಅಧ್ಯಾಪಕ, ಮಣಿಪಾಲ

ಮೇಲಿನವರು ಹೇಳಿದ್ದನ್ನು ಒಪ್ಪುತ್ತಲೇ ಒಂದು ಮಾತನ್ನು ಸೇರಿಸಬೇಕಾಗಿದೆ. ಕಾಗದ ಸರಿಯಿದ್ದರೂ ನಿಮ್ಮ ತಮ್ಮನಿಗೆ ಸಾಲ ಹೊಂದುವುದಿಲ್ಲ, ಏಕೆಂದರೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ, ಬೋಟು ದಕ್ಕೆಯಲ್ಲಿ (ಬಂದರಿನ ಕಟ್ಟೆಯಲ್ಲಿ) ಇರುತ್ತದೆ. ಕಂತು ಮಾತ್ರ ಐದನೆಯ ತಾರೀಕಿಗೆ ತಪ್ಪದೆ ಬರುತ್ತದೆ. ವರ್ಷದ ಹತ್ತು ತಿಂಗಳು ಚೆನ್ನಾಗಿ ಕಟ್ಟುವವನು ಎರಡು ತಿಂಗಳು ತಪ್ಪಿ ಸಿಬಿಲ್ ಸ್ಕೋರ್ ಕಳೆದುಕೊಳ್ಳುತ್ತಾನೆ. 5 ಲಕ್ಷಕ್ಕೆ ಶೇಕಡಾ 10ರಂತೆ 15 ವರ್ಷದ ಕಂತು 5,373 ರೂಪಾಯಿ. ಅದನ್ನೇ ಹತ್ತು ತಿಂಗಳಿಗೆ ಹಂಚಿದರೆ ಸುಮಾರು 6,500 ಆದೀತು. ಬೆಳೆಸಾಲಕ್ಕೆ ಕೊಯ್ಲಿನ ಲೆಕ್ಕದಲ್ಲಿ ಗಡುವು ಕೊಡುವ ಬ್ಯಾಂಕು ಮನೆ ಸಾಲಕ್ಕೆ ಕೊಡದಿರುವುದು ಅಭ್ಯಾಸಬಲವಲ್ಲದೆ ಬೇರೇನೂ ಅಲ್ಲ.

ಇದು ಈ ಊರಿಗೆ ತಿಳಿಯದ ವಿದ್ಯೆಯಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಪಿಗ್ಮಿ ಯೋಜನೆಯನ್ನು ತಂದು, ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೆ ಬಂದು ಸಂಗ್ರಹಿಸಿತು. ದಿನಗೂಲಿಯವನ ಉಳಿತಾಯವನ್ನು ಅವನ ಸಂಪಾದನೆಯ ತಾಳಕ್ಕೆ ಕೂರಿಸಲು ನಮ್ಮವರಿಗೆ ಸುಮಾರು ನೂರು ವರ್ಷಗಳ ಹಿಂದೆಯೇ ತಿಳಿದಿತ್ತು. ಅವನ ಸಾಲವನ್ನು ಮಾತ್ರ ಇಂದಿಗೂ ಸಂಬಳದಾರನ ತಾಳಕ್ಕೆ ಕೂರಿಸುತ್ತಿದ್ದೇವೆ.

ಹೊರದೇಶಗಳ ವಿಷಯ. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್ 1984ರಿಂದ ಸಣ್ಣ ಮನೆ ಸಾಲಗಳನ್ನು ವಾರದ ಕಂತಿನಲ್ಲಿ ಕೊಟ್ಟಿತು. ನಾಲ್ಕು ಕಾಂಕ್ರೀಟ್ ಕಂಬ, ತಗಡಿನ ಮಾಡು, ಇಷ್ಟರ ಮನೆ. ಜಾಗ ಸಾಲಗಾರ್ತಿಯ ಹೆಸರಿನಲ್ಲೇ ಇರಬೇಕೆಂಬ ಷರತ್ತು ಹಾಕಿದ್ದರಿಂದ, ಮನೆಯಿಂದ ಹೊರಹಾಕಿಸಿಕೊಳ್ಳುವ ಭಯವಿದ್ದ ಹೆಂಗಸರಿಗೆ ಸಾಲದ ಜೊತೆಗೆ ಹಕ್ಕೂ ಬಂತು. ಥಾಯ್ಲೆಂಡಿನ ಬಾನ್ ಮಂಕಾಂಗ್ ಕಾರ್ಯಕ್ರಮ 2003ರಲ್ಲಿ ಆರಂಭವಾಯಿತು. ಅಲ್ಲಿ ಕೊಳೆಗೇರಿಯ ಜನ ಮೊದಲು ಒಟ್ಟಾಗಿ ಉಳಿತಾಯ ಮಾಡಿ ಸಹಕಾರ ಸಂಘ ಕಟ್ಟುತ್ತಾರೆ. ಸರಕಾರಿ ಸಂಸ್ಥೆಯ ಸಾಲ ವ್ಯಕ್ತಿಗಲ್ಲ, ಸಂಘಕ್ಕೆ. ಜಾಗವನ್ನು ಒಟ್ಟಾಗಿ ಕೊಳ್ಳುತ್ತಾರೆ ಇಲ್ಲವೇ ದೀರ್ಘಾವಧಿಯ ಗೇಣಿಗೆ ಪಡೆಯುತ್ತಾರೆ. ಪ್ರತಿಯೊಬ್ಬನ ಕಾಗದ ಬೇರೆಬೇರೆಯಾಗಿ ಸರಿಯಾಗುವವರೆಗೆ ಕಾಯಬೇಕಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆ.

ಎಡವಿದ ಉದಾಹರಣೆಯೂ ಬೇಕು. ಮೆಕ್ಸಿಕೋದ ಇನ್ಫೋನಾವಿತ್ 1972ರಲ್ಲಿ ಸ್ಥಾಪನೆಯಾದ, ಕೆಲಸಗಾರರಿಗೆ ಮನೆ ಸಾಲ ಕೊಡುವ ನಿಧಿ. ಮಾಲೀಕರು ಕೆಲಸಗಾರನ ಸಂಬಳದ ಶೇಕಡಾ 5ರಷ್ಟನ್ನು ಅದಕ್ಕೆ ಕಟ್ಟುತ್ತಾರೆ. ಹಣದ ಕೊರತೆ ಆಗಲಿಲ್ಲ. ಸಾಲ ಸುಲಭವಾಗಿ ಸಿಕ್ಕಿದ್ದರಿಂದ ಕಟ್ಟಡದವರು ಅಗ್ಗದ ಜಾಗ ಹುಡುಕಿ, ನಗರದಿಂದ ದೂರದಲ್ಲಿ ಸಾಲುಸಾಲು ಮನೆ ಕಟ್ಟಿದರು; ಬಸ್ಸಿಗೇ ದುಡಿಮೆಯ ಪಾಲು ಹೋಗತೊಡಗಿದಾಗ ಜನ ಬೀಗ ಹಾಕಿ ಹೊರಟರು. ಸಂಬಳದ ಚೀಟಿ ಇಲ್ಲದವರಂತೂ ಆ ನಿಧಿಯ ಲೆಕ್ಕದಲ್ಲೇ ಇರಲಿಲ್ಲ.

ಉತ್ತರ 3 – ಸಹಕಾರ ಸಂಘದ ಉದ್ಯೋಗಿ, ಸುರತ್ಕಲ್

10 ಲಕ್ಷ ಒಟ್ಟಿಗೆ ಬೇಕೇ ಎಂದು ಮೊದಲು ಯೋಚಿಸಿ. ನಮ್ಮಲ್ಲಿ ಹೆಚ್ಚಿನವರು ಒಂದು ವರ್ಷ ಪಂಚಾಂಗ (ತಳಪಾಯ), ಮರುವರ್ಷ ಕೆಂಪುಕಲ್ಲಿನ ಗೋಡೆ, ಆಮೇಲೆ ಮಾಡು ಎಂದು ಕಟ್ಟುತ್ತಾರೆ. 2 ಲಕ್ಷವನ್ನು ನಾಲ್ಕು ವರ್ಷಕ್ಕೆ ಪಡೆದರೆ ಶೇಕಡಾ 14ರಲ್ಲೂ ಕಂತು 5,465 ರೂಪಾಯಿ, ಒಟ್ಟು ಬಡ್ಡಿ ಸುಮಾರು 62,000. ನೀವು ಹೇಳಿದ ಇಪ್ಪತ್ತು ವರ್ಷದ ಸಾಲಕ್ಕಾದರೆ ಬಡ್ಡಿಯೇ ಸುಮಾರು 19.8 ಲಕ್ಷ.

ಇದರಲ್ಲೂ ತೊಂದರೆ ಇಲ್ಲದಿಲ್ಲ. ಮೇಲಂತಸ್ತಿಗೆಂದು ಬಿಟ್ಟ ಕಂಬಿಗಳು ಸಮುದ್ರದ ಗಾಳಿಗೆ ಎರಡೇ ಮಳೆಗಾಲದಲ್ಲಿ ತುಕ್ಕು ಹಿಡಿದು ಸಿಪ್ಪೆ ಏಳುವುದನ್ನು ನಾನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಕಾಮಗಾರಿ ನಿಲ್ಲಿಸುವುದಾದರೆ ಸ್ಲ್ಯಾಬ್ ಹಾಕಿದ ಮೇಲೆಯೇ ನಿಲ್ಲಿಸಬೇಕು, ಕಂಬಿಗೆ ಸಿಮೆಂಟು ಹಾಲು ಬಳಿದಿಡಬೇಕು. ಇನ್ನೊಂದು ವಿಷಯ, ಬಡ್ಡಿದರ ಬದಲಾಗುವ ಸಾಲವಾದರೆ ಎಚ್ಚರ. 2022ರ ಮೇಯಿಂದ 2023ರ ಫೆಬ್ರವರಿವರೆಗೆ ರೆಪೋ ದರ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿದರ, ಶೇಕಡಾ 4ರಿಂದ 6.5ಕ್ಕೆ ಏರಿತು. ಶೇಕಡಾ 7ರಲ್ಲಿ 20 ವರ್ಷದ 10 ಲಕ್ಷಕ್ಕೆ 7,753 ರೂಪಾಯಿ ಕಟ್ಟುತ್ತಿದ್ದವನಿಗೆ, ಅಸಲು ಪೂರ್ತಿ ಬಾಕಿಯಿದ್ದಾಗಲೇ ದರ 9.5 ಆದರೆ ತಿಂಗಳ ಬಡ್ಡಿಯೇ 7,917 ಆಗುತ್ತದೆ. ಕಂತು ಅಷ್ಟೇ ಇದ್ದರೆ ಅಸಲು ಇಳಿಯುವ ಬದಲು ಏರುತ್ತದೆ. ಅವಧಿ ಹೆಚ್ಚಿಸುವುದೋ ಕಂತು ಹೆಚ್ಚಿಸುವುದೋ ಎಂಬ ಆಯ್ಕೆಯನ್ನು ಸಾಲಗಾರನಿಗೇ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟಿನಲ್ಲಿ ಸೂಚಿಸಿದೆ. ಕೇಳಿ ಪಡೆಯಿರಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಪಹಣಿ ತೆಗೆಸಿ ನೋಡಿದೆ, ಅಂದಾಜು ಸರಿಯಾಗಿತ್ತು: ಅಜ್ಜಿಯ ಹೆಸರೇ ಇದೆ. ಸಹಿ ಹಾಕಬೇಕಾದವರು ಏಳು ಮಂದಿ. ಆರು ಮಂದಿ ಒಪ್ಪಿದ್ದಾರೆ, ಮಾವ ಕುವೈತಿನಲ್ಲಿದ್ದು ಈ ವರ್ಷ ಊರಿಗೆ ಬರುವುದಿಲ್ಲವಂತೆ.

ಉತ್ತರ 1ರವರು ಮತ್ತೆ

ಮಾವ ಬರಬೇಕಾಗಿಲ್ಲ. ಅವರು ಅಲ್ಲಿಯ ಭಾರತೀಯ ರಾಯಭಾರ ಕಚೇರಿಯಲ್ಲಿ ಅಧಿಕಾರಪತ್ರಕ್ಕೆ ಸಹಿ ಮಾಡಿ ದೃಢೀಕರಿಸಿ ಕಳುಹಿಸಿದರೆ ಸಾಕು. ಅದು ನಿಮ್ಮ ಕೈಸೇರಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು, ಅದನ್ನು ಮರೆಯಬೇಡಿ. ವಿಭಾಗಪತ್ರದಲ್ಲಿ ಜಾಗವನ್ನು ತಾಯಿಯ ಹೆಸರಿಗೇ ಮಾಡಿಸಿ, ಅವರನ್ನು ಮೊದಲ ಅರ್ಜಿದಾರರನ್ನಾಗಿಸಿ. ಬೀಡಿ ಕಾರ್ಮಿಕರಿಗೆ ಭವಿಷ್ಯನಿಧಿ ಅನ್ವಯಿಸುವುದರಿಂದ ಅವರ ಪಿ.ಎಫ್. ಪಾಸ್‌ಬುಕ್ಕನ್ನೂ ಅರ್ಜಿಗೆ ಲಗತ್ತಿಸಿ. ಮೂವತ್ತು ವರ್ಷ ತಪ್ಪದೆ ದುಡಿದ ದಾಖಲೆ ನಿಮ್ಮ ಮನೆಯಲ್ಲಿ ಇದ್ದರೆ ಅದೊಂದೇ. ಬೋಟು ನಡೆಸುವ ತಂಡೇಲರಿಂದ ತಮ್ಮನ ಪಾಲಿನ ಲೆಕ್ಕವನ್ನು ಬರೆಸಿಕೊಂಡು, ಜೂನ್ ಮತ್ತು ಜುಲೈ ಬಿಟ್ಟು ಹತ್ತು ಕಂತು ಮಾಡಿಕೊಡಿ ಎಂದು ಲಿಖಿತವಾಗಿ ಕೇಳಿ. ಶಾಖೆಯಲ್ಲಿ ಇಲ್ಲವೆನ್ನಬಹುದು, ಆಗ ಆ ಇಲ್ಲವೆಂಬುದನ್ನೂ ಲಿಖಿತವಾಗಿಯೇ ಪಡೆದು ಪ್ರಾದೇಶಿಕ ಕಚೇರಿಗೆ ಹೋಗಿ.